ಟ್ರ್ಯಾಕ್ಟರ್ ನಡೆಸುತ್ತಿದ್ದವರು ಯಾರು?

ಈ ಸಲ ಕಾಖಂಡಕಿಯ ಸೋದರಿಯೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಅವರ ಮೈದುನ ರಾತ್ರಿ ಹೊತ್ತು ಕಬ್ಬು ತುಂಬಿದ ಟ್ರ್ಯಾಕ್ಟರನ್ನು ಹೊಲದಿಂದ ಡಾಂಬರು ರಸ್ತೆಗೆ ಏರಿಸುವಾಗ ಮೋಟಾರ್ ಸೈಕಲ್ಲೊಂದು ಬಂದು ಟ್ರಾಲಿಗೆ ಬಡಿಯಿತಂತೆ. ಸವಾರ ತೀರಿಕೊಂಡ. ಮೈದುನನಿಗೆ ಲೈಸನ್ಸ್ ಇಲ್ಲ, ಯಜಮಾನರಿಗೆ ಇದೆ. "ಅಣ್ಣನೇ ನಡೆಸ್ತಿದ್ದ ಅಂತ ಬರೆಸಿಬಿಡ್ರಿ, ವಿಮಾದವರು ರೊಕ್ಕ ಕೊಡ್ತಾರ" ಎಂದು ಊರ ಹಿರಿಯರ ಸಲಹೆ. ಟ್ರ್ಯಾಕ್ಟರ್ ಇರುವುದು ಈ ಸೋದರಿಯ ಹೆಸರಿನಲ್ಲಿ. "ನಾ ಏನ್ ಮಾಡ್ಲಿ ಅಕ್ಕಾ?" ಎಂದು ಕೇಳಿದ್ದಾರೆ.

ತಂಗೀ, ಪತ್ರಿಕೆ ಕೈಗೆ ಬರುವತನಕ ಕಾಯಬಾರದೆಂದು ನಿಮಗೆ ಬೇರೆ ಕಾಗದ ಬರೆದಿದ್ದೇನೆ. ಇಲ್ಲಿ ಬರೆಯುತ್ತಿರುವುದು ಟ್ರ್ಯಾಕ್ಟರ್, ಟಂಟಂ ಇರುವ ಎಲ್ಲ ಮನೆಗಳಿಗಾಗಿ.

ಮೊದಲು ಒಂದು ಮಾತು ತಿಳಿಯಿರಿ. ಇದು ಒಂದು ಕೇಸಲ್ಲ, ಎರಡು. ಪೊಲೀಸರು ಹಾಕುವುದು ಕ್ರಿಮಿನಲ್ ಕೇಸು. ನಿರ್ಲಕ್ಷ್ಯದಿಂದ ಸಾವು ಎಂದಾದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ 5 ವರ್ಷದವರೆಗೆ ಸಜೆ, ಜೊತೆಗೆ ದಂಡ. ಹಳೆಯ ಕಾನೂನಿನಲ್ಲಿ 2 ವರ್ಷವಿತ್ತು. ಇದಕ್ಕೆ ಜಾಮೀನು ಸಿಗುತ್ತದೆ, ಆ ಬಗ್ಗೆ ಗಾಬರಿ ಬೇಡ. ಇನ್ನೊಂದು, ತೀರಿಕೊಂಡವನ ಮನೆಯವರು ಹಾಕುವ ಪರಿಹಾರದ ಅರ್ಜಿ. ಅದಕ್ಕೆ ಆರು ತಿಂಗಳ ಗಡುವಿದೆ. ಅದರಲ್ಲಿ ವಾಹನದ ಮಾಲೀಕರೂ ಎದುರುದಾರರು. ಅಂದರೆ ನೀವೇ! ಅಡಿಗೆಮನೆಯಲ್ಲಿ ಕೂತು "ಅದು ಗಂಡಸರ ವ್ಯವಹಾರ" ಎನ್ನುವ ಹಾಗಿಲ್ಲ.

ಹಿರಿಯರ ಮಾತಿನಲ್ಲಿ ಹುರುಳೇ ಇಲ್ಲ ಎನ್ನಲಾರೆ. ಲೈಸನ್ಸ್ ಇಲ್ಲದವನು ನಡೆಸಿದ್ದರೆ ವಿಮಾ ಕಂಪನಿಯವರು ತಕರಾರು ತೆಗೆಯುತ್ತಾರೆ. ನೊಂದವರಿಗೆ ಮೊದಲು ಕಂಪನಿ ಕೊಟ್ಟು, ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂಬ ದಾರಿಯನ್ನು ಸುಪ್ರೀಂ ಕೋರ್ಟು 2004ರಲ್ಲಿ ತೋರಿಸಿದೆ. ಆ ವಸೂಲಿ ನಿಮ್ಮ ತನಕ ಬರಬಹುದು. ಭಯ ಸಹಜವೇ.

ಆದರೆ ಹೆಸರು ಬದಲಿಸಿದರೆ ಏನಾಗುತ್ತದೆ, ನೋಡಿ. ಆ ರಾತ್ರಿ ರಸ್ತೆಯಲ್ಲಿ ಜನ ಸೇರಿದ್ದರು ಎಂದು ನೀವೇ ಬರೆದಿದ್ದೀರಿ. ಅವರ ಬಾಯಿ ಕಟ್ಟಲಾದೀತೇ? ಕಂಪನಿಯವರೂ ಸುಮ್ಮನೆ ಹಣ ಎಣಿಸುವವರಲ್ಲ, ವಿಚಾರಿಸಿಯೇ ವಿಚಾರಿಸುತ್ತಾರೆ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೆ ಸಜೆಯಿದೆ. ಒಬ್ಬ ಅಣ್ಣತಮ್ಮನ ಕೇಸು ಇಬ್ಬರದಾಗುತ್ತದೆ. ಅಲ್ಲಿ ಗಂಡನನ್ನು ಕಳೆದುಕೊಂಡವಳ ಪರಿಹಾರವೂ ಈ ಗೊಂದಲದಲ್ಲಿ ಸಿಕ್ಕಿಬೀಳುತ್ತದೆ. ಅವಳಿಗೆ ಎರಡು ಎಳೆಯ ಮಕ್ಕಳೆಂದು ಬರೆದವರೂ ನೀವೇ.

ಇನ್ನೊಂದು ಮುಖ್ಯ ಸಂಗತಿ ಕಟ್ಟೆಯ ಮೇಲೆ ಕೂತವರಿಗೆ ಹೊಳೆದಿಲ್ಲ. ನಿಮ್ಮ ಮೈದುನನ ಪರವಾಗಿ ಹೇಳಲು ನಿಜವಾದ ಮಾತೇ ಇರಬಹುದು. ಟ್ರಾಲಿಯ ಹಿಂದೆ ಕೆಂಪು ದೀಪ, ರಿಫ್ಲೆಕ್ಟರ್ ಪಟ್ಟಿ ಇತ್ತೇ? ಮೋಟಾರ್ ಸೈಕಲ್ಲಿನ ದೀಪ ಉರಿಯುತ್ತಿತ್ತೇ? ಸಾವಾಯಿತೆಂದ ಮಾತ್ರಕ್ಕೆ ಚಾಲಕ ತಪ್ಪಿತಸ್ಥನಾಗುವುದಿಲ್ಲ. ನಮ್ಮ ರಾಜ್ಯದಲ್ಲೇ 1982ರಲ್ಲಿ ಲಾರಿಯೊಂದು ಮಗುಚಿ 15 ಜನ ಸತ್ತರು. ಕೆಳಗಿನ ಕೋರ್ಟುಗಳು ಚಾಲಕನಿಗೆ ಶಿಕ್ಷೆ ಕೊಟ್ಟವು, ಹೈಕೋರ್ಟು ಬಿಟ್ಟಿತು. 1998ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ವೇಗ ಜಾಸ್ತಿಯಿತ್ತೆಂಬ ಬರೀ ಮಾತು ಸಾಲದು, ನಿರ್ಲಕ್ಷ್ಯವನ್ನು ರುಜುವಾತು ಮಾಡಬೇಕೆಂದಿತು. ನಡೆಸಿದವನ ಹೆಸರಿನಲ್ಲೇ ಸುಳ್ಳಾಡಿದ ಮೇಲೆ ದೀಪ ಉರಿಯುತ್ತಿತ್ತೆಂಬ ನಿಮ್ಮ ನಿಜವನ್ನು ಯಾರು ನಂಬುತ್ತಾರೆ, ಹೇಳಿ?

"ತಪ್ಪೊಪ್ಪಿಕೊಂಡು ದಂಡ ಕಟ್ಟಿ ಬಂದುಬಿಡ್ರಿ" ಎನ್ನುವವರೂ ಇರುತ್ತಾರೆ. ಸಾವಿನ ಕೇಸಿನಲ್ಲಿ ವಕೀಲರನ್ನು ಕೇಳದೆ ಆ ಮಾತಾಡಲೇಬಾರದು. ಛಾಪಾ ಕಾಗದದ ಮೇಲೆ ರಾಜಿ ಬರೆಸಿಕೊಂಡರೂ ಕ್ರಿಮಿನಲ್ ಕೇಸು ಮುಗಿಯದು. ಪರಿಹಾರದ ಅರ್ಜಿಯನ್ನು ಬೇಕಾದರೆ ಲೋಕ ಅದಾಲತ್‌ನಲ್ಲಿ ಬಗೆಹರಿಸಿಕೊಳ್ಳಬಹುದು.

ಇನ್ನು ನಿಮ್ಮ ಕೆಲಸ. ಆರ್‌ಸಿ, ಟ್ರ್ಯಾಕ್ಟರಿನ ವಿಮೆ, ಟ್ರಾಲಿಯ ವಿಮೆ, ಎಫ್‌ಐಆರ್ ಪ್ರತಿ, ಎಲ್ಲವನ್ನೂ ಒಂದು ಚೀಲದಲ್ಲಿಡಿ. ಟ್ರಾಲಿಗೆ ವಿಮೆ ಮಾಡಿಸಿದ್ದೀರೋ ಇಲ್ಲವೋ, ಇವತ್ತೇ ನೋಡಿ. ಅಪಘಾತದ ಸುದ್ದಿಯನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಕೋರ್ಟಿನ ತಾರೀಖುಗಳನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿ. ತಾರೀಖು ತಪ್ಪಿಸಿದರೆ ವಾರಂಟು ಬರುತ್ತದೆ, ಜಾಮೀನು ನಿಂತ ಬೀಗರಿಗೂ ತೊಂದರೆ.

ವಕೀಲರ ಫೀಸಿನ ಚಿಂತೆ ಬರೆದಿದ್ದೀರಿ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, 1987ರ ಕಾಯ್ದೆಯಂತೆ ಸರಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಮಾಲೀಕಳಾಗಿ ನೀವೂ ಕೇಳಬಹುದು, ಆ ಇನ್ನೊಬ್ಬಳೂ ಕೇಳಬಹುದು. ಮೈದುನನಿಗೆ ಸಿಗಬೇಕಾದರೆ ಆದಾಯದ ಮಿತಿ ಮುಂತಾದ ನಿಯಮಗಳಿವೆ. ವಿಜಯಪುರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ, 15100ಕ್ಕೆ ಫೋನು ಮಾಡಿದರೂ ಆದೀತು. ಹೋಗುವಾಗ ಚೀಲ ಮರೆಯಬೇಡಿ, ಮೈದುನನನ್ನೂ ಕರಕೊಂಡು ಹೋಗಿ. ನಡೆದದ್ದನ್ನು ಅವನ ಬಾಯಿಂದಲೇ ಹೇಳಿಸಿ.