ಕಾಣದ ಅಂಚಿನ ಹುಡುಕಾಟ

ಗರಿಕೆಯನ್ನು ಮೇಲಷ್ಟೇ ಕಿತ್ತರೆ ಸಾಲದು. ಮಣ್ಣಿನಡಿ ಹರಿದ ಬೇರು ಮತ್ತೆ ಚಿಗುರುತ್ತದೆ. ಚರ್ಮದ ಒಂದು ಅಪರೂಪದ ಕ್ಯಾನ್ಸರಿನ ಸ್ವಭಾವವೂ ಇಂಥದೇ. 1874ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ಸ್ತನದ ತೊಟ್ಟಿನಲ್ಲಿ ಗುರುತಿಸಿದ ರೋಗದ ದಾಯಾದಿ ಇದು. ಹೆಸರು 'ಸ್ತನದ ಹೊರಗಿನ ಪ್ಯಾಜೆಟ್ ರೋಗ'. ಕಂಕುಳು, ಜನನಾಂಗ, ಗುದದ್ವಾರದ ಸುತ್ತ ತುರಿಸುವ ಕೆಂಪು ಕಲೆಯಾಗಿ, ಹೆಚ್ಚಾಗಿ 60 ದಾಟಿದವರಲ್ಲಿ ಕಾಣಿಸುತ್ತದೆ. ಇಸುಬೆಂದೋ ಹುಳುಕಡ್ಡಿಯೆಂದೋ ಮುಲಾಮು ಹಚ್ಚುತ್ತಾ ತಿಂಗಳುಗಳು ಕಳೆದುಹೋಗುವುದುಂಟು.

ರೋಗ ಖಚಿತವಾದ ಮೇಲೆ ಏಳುವ ಪ್ರಶ್ನೆ: ಎಲ್ಲಿಯವರೆಗೆ ಕತ್ತರಿಸಬೇಕು? ಕಡಿಮೆಯಾದರೆ ರೋಗ ಮರುಕಳಿಸೀತು. ಹೆಚ್ಚಾದರೆ ಗಾಯ ವೃಥಾ ದೊಡ್ಡದಾದೀತು. ಕ್ಯಾನ್ಸರ್ ಕೋಶಗಳು ಕಲೆಯ ಅಂಚನ್ನು ದಾಟಿ, ಆರೋಗ್ಯವಾಗಿ ಕಾಣುವ ಚರ್ಮದೊಳಗೂ ಹರಡಿರಬಹುದು. ಆದ್ದರಿಂದ ಶಸ್ತ್ರಕ್ರಿಯೆಗೆ ಮೊದಲು ಆ ಜಾಗವನ್ನು ಮರಗಟ್ಟಿಸಿ, ಕಲೆಯ ಸುತ್ತ ಹಲವು ದಿಕ್ಕುಗಳಿಂದ ಕೆಲವೇ ಮಿಲಿಮೀಟರ್ ಅಗಲದ ಚರ್ಮದ ಚೂರುಗಳನ್ನು ತೆಗೆಯುತ್ತಾರೆ. ಇದೇ ಬಯಾಪ್ಸಿ. ಪ್ರತಿ ಚೂರಿನ ಸ್ಥಳವನ್ನು ನಕ್ಷೆಯಲ್ಲಿ ಗುರುತಿಸಿ, ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಾರೆ. ರೋಗ ಕಂಡ ದಿಕ್ಕಿನಲ್ಲಿ ಕತ್ತರಿಸುವ ಗಡಿ ಹೊರಕ್ಕೆ ಸರಿಯುತ್ತದೆ. ಕಾಣದ ದಿಕ್ಕಿನಲ್ಲಿ ಚರ್ಮ ಉಳಿಯುತ್ತದೆ.

ಎರಡು ಚೂರುಗಳ ನಡುವೆ ರೋಗ ಅಡಗಿರಲೂಬಹುದು. ಹಾಗಾಗಿ ಕತ್ತರಿಸಿ ತೆಗೆದ ಭಾಗದ ಅಂಚುಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಮನೆಯ ಹಿರಿಯರು ಮುಲಾಮಿಗೆ ಜಗ್ಗದ ಕಲೆಯನ್ನು ನಾಚಿಕೆಯಿಂದ ಮುಚ್ಚಿಡದೆ ಚರ್ಮವೈದ್ಯರಿಗೆ ತೋರಿಸುವುದು ಜಾಣತನ.