ಮೆಟ್ಟಿಲ ಧೂಳು ಮತ್ತು ಹೀರುವ ಯಂತ್ರ



ವಾಡಿಯ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹನ್ನೆರಡು ಮನೆಗಳಿರುವ ತಮ್ಮ ಕಟ್ಟಡದ ಮೆಟ್ಟಿಲು ಮತ್ತು ನಡುವಣ ಪಡಸಾಲೆಗಳನ್ನು ಶುಚಿಗೊಳಿಸಲು ಎಲ್ಲರೂ ವಂತಿಗೆ ಹಾಕಿ ಒಂದು ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಕೆಂದಿದ್ದಾರಂತೆ. ಎಂತಹುದನ್ನು ಕೊಳ್ಳಬೇಕೆಂಬುದು ಅವರ ಪ್ರಶ್ನೆ. ನಮ್ಮ ಪತ್ರಿಕೆಗೆ ಇದೆಂಥ ಪ್ರಶ್ನೆಯೆಂದು ಕೆಲವರು ನಕ್ಕಾರು. ಭಕ್ತರ ಅಂಗಳದ ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಶರಣೆ ಸತ್ಯಕ್ಕನನ್ನು ನೆನೆಯುವವರು ನಗಲಾರರು.

ಮೊದಲು ನಮ್ಮ ಭಾಗದ ಧೂಳನ್ನು ಅರಿಯಬೇಕು. ಬೆಂಗಳೂರಿನ ಮನೆಗೆ ಒಪ್ಪುವ ಯಂತ್ರ ಇಲ್ಲಿಗೆ ಒಪ್ಪೀತೆಂದು ಹೇಳಲಾಗದು. ಸೇಡಂ, ಮಳಖೇಡ, ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಶಹಾಬಾದದ ಸುತ್ತ ಪರಸಿಕಲ್ಲಿನ ಗಣಿಗಳು, ಕಲ್ಲು ಕೊಯ್ದು ನಯಗೊಳಿಸುವ ಯಂತ್ರಗಳು ಇವೆ. ಚಿತ್ತಾಪುರದ ಸೀಮೆಯಲ್ಲಿ ಎರೆಭೂಮಿ; ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಮೆಟ್ಟಿಲೇರಿದ ಕರಿಮಣ್ಣು ಒಣಗಿದ ಮೇಲೆ ಹಿಟ್ಟಿನಂತಾಗುತ್ತದೆ. ತೊಗರಿಯ ರಾಶಿಯ ಕಾಲಕ್ಕೆ ಹೊಟ್ಟು ಬೇರೆ. ಚಿಂಚೋಳಿಯ ಗುಡ್ಡಗಳ ಕಡೆ ಮುರುಮಿನ ಕೆಂಪು ಧೂಳು. ಇವುಗಳಲ್ಲಿ ಹೊಟ್ಟು ಮತ್ತು ಮುರುಮು ಯಾವ ಕಸಬರಿಗೆಗಾದರೂ ಬಗ್ಗುತ್ತವೆ. ಸಿಮೆಂಟಿನ ಮತ್ತು ಕಲ್ಲಿನ ಪುಡಿ ಹಾಗಲ್ಲ. ಒಣಕಸಬರಿಗೆ ಆಡಿಸಿದರೆ ಅದರ ಸೂಕ್ಷ್ಮಾಂಶ ಗಾಳಿಗೇರಿ, ಗುಡಿಸಿದವರು ಕೆಳಗಿಳಿದು ಹೋಗುವಷ್ಟರಲ್ಲಿ ಮತ್ತೆ ಮೇಲಣ ಮೆಟ್ಟಿಲಿನ ಮೇಲೆ ಕುಳಿತಿರುತ್ತದೆ. ಒಂದಿಷ್ಟು ಗುಡಿಸಿದವರ ಶ್ವಾಸಕೋಶದಲ್ಲಿ ಉಳಿಯುತ್ತದೆ. ಕಲ್ಲಿನ ಪುಡಿಯಲ್ಲಿ ಸಿಲಿಕಾ ಇದ್ದರೆ ವರ್ಷಗಟ್ಟಲೆ ಉಸಿರಾಡಿದವರಿಗೆ ಸಿಲಿಕೋಸಿಸ್ ಎಂಬ, ಗುಣವಾಗದ ರೋಗ ತಗಲುತ್ತದೆ. ಅಂತಹ ಧೂಳನ್ನು ಒಣಗಿಸಿಟ್ಟು ಗುಡಿಸಬಾರದು, ಒದ್ದೆ ಮಾಡಬೇಕು ಇಲ್ಲವೆ ಹೀರಬೇಕು ಎಂಬುದು ವೃತ್ತಿ ಆರೋಗ್ಯವನ್ನು ಬಲ್ಲ ವೈದ್ಯರ ಮಾತು.

ಈ ಯಂತ್ರದ ಹುಟ್ಟಿನಲ್ಲಿಯೂ ಇದೇ ಸಂಕಟವಿದೆ. ೧೯೦೧ರಲ್ಲಿ ಲಂಡನ್ನಿನ ಎಂಜಿನಿಯರ್ ಹ್ಯೂಬರ್ಟ್ ಸೆಸಿಲ್ ಬೂತ್ ಅವರು ಧೂಳನ್ನು ಊದುವ ಯಂತ್ರವೊಂದನ್ನು ಕಂಡು, ಊದುವುದರ ಬದಲು ಹೀರಬಾರದೇಕೆ ಎಂದು ಯೋಚಿಸಿದರು. ಕುರ್ಚಿಯ ಮೇಲೆ ಕರವಸ್ತ್ರವಿಟ್ಟು ಬಾಯಿಂದಲೇ ಹೀರಿ ಪರೀಕ್ಷಿಸಿದರಂತೆ. ಅವರ ಯಂತ್ರ ಎಷ್ಟು ದೊಡ್ಡದೆಂದರೆ ಕುದುರೆಗಳು ಎಳೆದು ತಂದು ಬೀದಿಯಲ್ಲಿ ನಿಲ್ಲಿಸಬೇಕಾಗಿತ್ತು. ಉದ್ದದ ಕೊಳವೆಗಳು ಮಾತ್ರ ಕಿಟಕಿಗಳಿಂದ ಒಳಸೇರುತ್ತಿದ್ದವು. ೧೯೦೭ರಲ್ಲಿ ಕೈಯಲ್ಲಿ ನಡೆಸಬಹುದಾದ ಯಂತ್ರವನ್ನು ಹೊಂದಿಸಿದ ಅಮೆರಿಕದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅವರು ಒಂದು ಮಳಿಗೆಯಲ್ಲಿ ಕಸ ಗುಡಿಸುವವರು, ಉಬ್ಬಸ ರೋಗಿ. ಕಸಬರಿಗೆಯ ಧೂಳೇ ಅವರನ್ನು ಈ ಶೋಧಕ್ಕೆ ನೂಕಿತು. ನಮ್ಮ ದೇಶದಲ್ಲಿ ೧೯೮೨ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆಯ ಮಾರಾಟಗಾರರು ಮನೆಮನೆಯ ಬಾಗಿಲಿಗೆ ಬಂದು ಈ ಯಂತ್ರವನ್ನು ಪರಿಚಯಿಸಿದುದು ಹಿರಿಯರಿಗೆ ನೆನಪಿರಬಹುದು. ಹಾಸಿಗೆ, ಸೋಫಾ, ಜಮಖಾನೆಗಳೇ ಇಂತಹ ಯಂತ್ರಕ್ಕೆ ತಕ್ಕ ಸ್ಥಳವೆಂಬ ಭಾವನೆ ಅಂದಿನಿಂದ ನಮ್ಮಲ್ಲಿ ಬೇರೂರಿದೆ.

ಮೆಟ್ಟಿಲಿನ ಮಾತೇ ಬೇರೆ. ಚಕ್ರವುಳ್ಳ ಡಬ್ಬಿಯಂತ್ರ ಮೆಟ್ಟಿಲಿನ ಮೇಲೆ ನಿಲ್ಲದು. ಕೊಳವೆ ಎಳೆದೊಡನೆ ಉರುಳಿ ಕೆಳಗಿದ್ದವರ ಕಾಲಿನ ಮೇಲೆ ಬೀಳುತ್ತದೆ. ಆದುದರಿಂದ ಬೂತ್ ಅವರ ಕ್ರಮವೇ ನಮಗೂ ಸರಿ. ಯಂತ್ರವು ಮೆಟ್ಟಿಲು ತಿರುಗುವ ಅಟ್ಟೆಯ ಮೇಲೆ ನಿಲ್ಲಲಿ, ಕೊಳವೆ ಏರಲಿ, ಇಳಿಯಲಿ. ಒಂದು ಮೆಟ್ಟಿಲಿನ ಎತ್ತರ ೭ ಅಂಗುಲ, ಅಗಲ ೧೦ ಅಂಗುಲವೆಂದು ಹಿಡಿದರೆ ಹತ್ತು ಮೆಟ್ಟಿಲುಗಳ ಓರೆ ಸುಮಾರು ೧೦ ಅಡಿಯಾಗುತ್ತದೆ. ಒಂದೂವರೆ ಮೀಟರಿನ ಕೊಳವೆ ಇದಕ್ಕೆ ಸಾಲದು. ಎರಡೂವರೆಯಿಂದ ಮೂರು ಮೀಟರ್ ಬೇಕು. ಅದಕ್ಕಿಂತ ಹೆಚ್ಚು ಉದ್ದವಾದರೆ ಹೀರುವ ಬಲ ಕುಗ್ಗುತ್ತದೆ. ಯಂತ್ರದೊಡನೆ ಬರುವ ನೆಲದ ಮೂತಿ ಸುಮಾರು ೧೨ ಅಂಗುಲ ಅಗಲವಿದ್ದು ೧೦ ಅಂಗುಲದ ಮೆಟ್ಟಿಲಿನಲ್ಲಿ ತಿರುಗದು. ಆರು ಅಂಗುಲದ ಕಿರುಮೂತಿ, ಸಂದಿಗೆ ಹೋಗುವ ಚಪ್ಪಟೆ ಮೂತಿ ಇವೆರಡೂ ಇವೆಯೇ ಎಂದು ಅಂಗಡಿಯಲ್ಲಿಯೇ ನೋಡಿಕೊಳ್ಳಿ. ನಮ್ಮ ಮೆಟ್ಟಿಲುಗಳೆಲ್ಲ ಬಹುತೇಕ ಶಹಾಬಾದಿ ಪರಸಿಯವು. ಧೂಳು ಕೂರುವುದೇ ಅವುಗಳ ಸಂದುಗಳಲ್ಲಿ.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಪರಸಿ ಸುಣ್ಣದ ಕಲ್ಲು. ಭೀಮಾ ತೀರದ ಶಿಲಾಸ್ತರಗಳಿಗೆ ಸೇರಿದ್ದು. ಕಾಗಿಣಾ ದಂಡೆಯ ಮಳಖೇಡದ ಕೋಟೆಯನ್ನು ಕಟ್ಟಿರುವುದೂ ಈ ಕಲ್ಲಿನಿಂದಲೇ. ಕಲೆ ಹೋಗಲೆಂದು ಇದರ ಮೇಲೆ ಆಸಿಡ್ ಸುರಿಯುವ ದುರಭ್ಯಾಸ ನಮ್ಮ ಊರುಗಳಲ್ಲಿ ಹಬ್ಬಿದೆ. ಸುಣ್ಣದ ಕಲ್ಲಿಗೆ ಆಮ್ಲ ತಾಗಿದರೆ ನೊರೆಯುಕ್ಕುತ್ತದೆ. ಉಕ್ಕುವುದು ಕೊಳೆಯೆಂದು ಜನ ತಿಳಿಯುತ್ತಾರೆ, ಕರಗುವುದು ಕಲ್ಲು. ಹಾಗೆ ಒರಟಾದ ಮೆಟ್ಟಿಲು ಮೊದಲಿಗಿಂತ ಹೆಚ್ಚು ಧೂಳನ್ನು ಹಿಡಿಯುತ್ತದೆ. ನಿಂಬೆಹುಳಿಯೂ ಬೇಡ. ಹೀರಿದ ಮೇಲೆ ಬರಿಯ ನೀರಿನ ಒದ್ದೆಬಟ್ಟೆ ಸಾಕು.

ಇನ್ನು ಶಕ್ತಿಯ ವಿಚಾರ. ಪೆಟ್ಟಿಗೆಯ ಮೇಲಣ ವಾಟ್ ಎಂಬುದು ಯಂತ್ರ ಉಣ್ಣುವ ವಿದ್ಯುತ್ತಿನ ಲೆಕ್ಕ. ಹೀರುವ ಲೆಕ್ಕವನ್ನು ಕಿಲೋಪಾಸ್ಕಲ್‌ಗಳಲ್ಲಿ ಕೇಳಬೇಕು. ೨೦ರ ಆಸುಪಾಸು ಇದ್ದರೆ ನಮ್ಮ ಕೆಲಸಕ್ಕೆ ಸಾಕು. ವಾಯುಭಾರವೇ ಸುಮಾರು ೧೦೧ ಕಿಲೋಪಾಸ್ಕಲ್ ಇರುವಾಗ ಅದರಲ್ಲಿ ಐದನೆಯ ಒಂದು ಪಾಲನ್ನು ತಗ್ಗಿಸುವ ಯಂತ್ರಕ್ಕೆ ನಿರ್ವಾತದ ಹೆಸರು ಹೇಗೆ ಬಂದಿತೋ! ೧೨೦೦ ವಾಟಿನ ಯಂತ್ರ ಅರ್ಧ ಗಂಟೆ ನಡೆದರೆ ೦.೬ ಯೂನಿಟ್ ಖರ್ಚು. ಹನ್ನೆರಡು ಮನೆಗೆ ಹಂಚಿದರೆ ಜಗಳವಾಡುವಷ್ಟಿಲ್ಲ. ಆದರೆ ೧೪೦೦ ವಾಟಿನದು ೨೩೦ ವೋಲ್ಟಿನಲ್ಲಿ ೬ ಆಂಪಿಯರಿಗೂ ಮಿಕ್ಕಿ ಎಳೆಯುತ್ತದೆ. ಮೆಟ್ಟಿಲ ಬದಿಯಲ್ಲಿ ಬಲ್ಬಿಗೆಂದು ಹಾಕಿದ ಸಣ್ಣ ಸಾಕೆಟ್ಟಿಗೆ ಅದನ್ನು ಚುಚ್ಚಬೇಡಿ. ಪ್ರತಿ ಮಹಡಿಗೊಂದು ೧೬ ಆಂಪಿಯರಿನ, ಭೂಸಂಪರ್ಕವುಳ್ಳ ಸಾಕೆಟ್ ಹಾಕಿಸಿರಿ. ಮೆಟ್ಟಿಲ ಮೇಲೆ ಹರಿದಾಡುವ ಉದ್ದದ ವೈರು ಮುದುಕರನ್ನು ಎಡವಿಸುತ್ತದೆ.

ಬ್ಯಾಟರಿಯ ಕೋಲುಯಂತ್ರ ಹಗುರ, ವೈರಿನ ಕಾಟವಿಲ್ಲ. ಒಂದೇ ಮನೆಯ ಒಳಮೆಟ್ಟಿಲಿಗೆ ಅದು ಚೆನ್ನು. ಮೂರು ಮಹಡಿಯ ಕಟ್ಟಡಕ್ಕೆ ಅದರ ಪುಟ್ಟ ಡಬ್ಬಿಯೂ ಸಾಲದು, ಪೂರ್ಣ ಬಲದಲ್ಲಿ ಬ್ಯಾಟರಿಯೂ ಬಾಳದು. ನಮ್ಮ ವೈಶಾಖದ ಬಿಸಿಲೂ ಬ್ಯಾಟರಿಗೆ ಶತ್ರು. ತಾನೇ ಓಡಾಡುವ ರೋಬಾಟ್ ಯಂತ್ರ ಪಡಸಾಲೆಯಲ್ಲಿ ಓಡೀತು. ಮನೆಗಳಿಗಾಗಿ ಮಾರುವ ಸಾಮಾನ್ಯ ರೋಬಾಟುಗಳು ಮೆಟ್ಟಿಲೇರಲಾರವು. ನನ್ನ ಅಭಿಮತದಲ್ಲಿ ಸಾರ್ವಜನಿಕ ಮೆಟ್ಟಿಲಿಗೆ, ವಸತಿ ನಿಲಯಕ್ಕೆ, ಕಲ್ಯಾಣಮಂಟಪಕ್ಕೆ ಒಪ್ಪುವುದು ೧೫ರಿಂದ ೨೦ ಲೀಟರಿನ ಪೀಪಾಯಿಯಾಕಾರದ ಯಂತ್ರ. ಒಣಧೂಳು ನೀರು ಎರಡನ್ನೂ ಹೀರುವುದೆಂದು ಅಂಗಡಿಯವರು ಹೊಗಳುತ್ತಾರೆ. ಸಿಮೆಂಟಿನ ಪುಡಿ ಇರುವ ಕಡೆ ನೀರನ್ನು ಹೀರಿಸಲೇಬೇಡಿ. ಒದ್ದೆಯಾದ ಶೋಧಕದ ಮಡಿಕೆಗಳಲ್ಲಿ ಅದು ಗಾರೆಯಂತೆ ಗಟ್ಟಿಯಾಗಿ ಕುಳಿತರೆ ಶೋಧಕವನ್ನು ಎಸೆಯದೆ ಗತ್ಯಂತರವಿಲ್ಲ. ಒಳಗೆ ಚೀಲವಿರಬೇಕು. ಚೀಲದ ಹಿಂದೆ ಹೆಪಾ ಶೋಧಕವಿರಬೇಕು, ೦.೩ ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇಕಡಾ ೯೯.೯೭ನ್ನು ತಡೆಯುವುದಕ್ಕೆ ಆ ಹೆಸರು. ಅದಿಲ್ಲದ ಯಂತ್ರ ಮುಂದಿನಿಂದ ಹೀರಿದ ಸೂಕ್ಷ್ಮ ಧೂಳನ್ನು ಹಿಂದಿನಿಂದ ಊದುತ್ತದೆ, ಅದೂ ಗುಡಿಸುವವರ ಮುಖದ ಮಟ್ಟಕ್ಕೆ. ಹಣ ಉಳಿಸುವುದಾದರೆ ಬೇರೆಲ್ಲಿಯಾದರೂ ಉಳಿಸಿ, ಇಲ್ಲಿ ಬೇಡ. ಈ ಚೀಲ, ಶೋಧಕಗಳು ಸೇಡಂನಲ್ಲಿಯೋ ಕಲಬುರಗಿಯಲ್ಲಿಯೋ ಸಿಗುತ್ತವೆಯೇ, ಹೈದರಾಬಾದಿಗೆ ಹೋಗಬೇಕೇ ಎಂಬುದನ್ನು ಯಂತ್ರದ ಬೆಲೆಗಿಂತ ಮೊದಲು ವಿಚಾರಿಸಿರಿ.

ಯಂತ್ರವನ್ನು ಆರಿಸಲು ಅಂಗಡಿಗೆ ಸಮಿತಿಯ ಅಧ್ಯಕ್ಷರು ಹೋಗುವುದು ರೂಢಿ. ಆದರೆ ದಿನವೂ ಅದನ್ನು ಹೊತ್ತು ಮೂರು ಮಹಡಿ ಏರುವವಳು ಗುಡಿಸುವ ತಾಯಿ. ಅವಳನ್ನು ಕರೆದೊಯ್ಯಿರಿ. ಅವಳು ಒಂದು ಕೈಯಲ್ಲಿ ಎತ್ತಿ ನಾಲ್ಕು ಮೆಟ್ಟಿಲು ಹತ್ತಲಿ. ಏದುಸಿರು ಬಂದರೆ ಇನ್ನೊಂದನ್ನು ನೋಡಿರಿ. ಯಂತ್ರ ಬಂದಿತೆಂದು ಅವಳ ಸಂಬಳ ಕಡಿಯುವ ಮಾತು ಕೆಲವು ಕಡೆ ಕೇಳಿಬರುತ್ತದೆ. ಗೋಡೆಯ ಮೂಲೆ, ಕಟಾಂಜನದ ಸಂದು, ಒದ್ದೆಬಟ್ಟೆಯ ಕೆಲಸ ಇವೆಲ್ಲ ಹಾಗೆಯೇ ಉಳಿದಿರುವಾಗ ಕಡಿಯುವುದು ಯಾವ ಲೆಕ್ಕದಿಂದ? ಯಂತ್ರ ಬಹಳ ಸದ್ದು ಮಾಡುವುದರಿಂದ ಬೆಳಗಿನ ಲಿಂಗಪೂಜೆಯ ವೇಳೆ, ಮಕ್ಕಳ ಓದಿನ ವೇಳೆ ಬಿಟ್ಟು ಹತ್ತು ಗಂಟೆಯ ನಂತರ ನಡೆಸಿದರೆ ಎಲ್ಲರಿಗೂ ಹಿತ. ಮೇಲಿನ ಮಹಡಿಯಿಂದ ಆರಂಭಿಸಿ ಕೆಳಗಿಳಿಯಬೇಕು. ಚೀಲ ತುಂಬಿದಾಗ ಕಟ್ಟಡದ ಒಳಗೆ ಜಾಡಿಸದೆ, ಬಾಯಿಗೆ ಬಟ್ಟೆಯಲ್ಲ, ಮುಖಕ್ಕೆ ಬಿಗಿಯಾಗಿ ಕೂರುವ ಧೂಳುನಿರೋಧಕ ಮಾಸ್ಕ್ ಧರಿಸಿ, ಬಯಲಿಗೊಯ್ದು ಬಾಯಿ ಕಟ್ಟಿ ಕಸದ ಗಾಡಿಗೆ ಹಾಕಬೇಕು. ಆ ಮಾಸ್ಕಿನ ಖರ್ಚೂ ವಂತಿಗೆಯಲ್ಲಿ ಸೇರಲಿ.