ಬೀಗ ಬಿದ್ದ ಮನೆಗಳ ಬೇಟೆ

ಬೀಗ ಬಿದ್ದು ಅಂಗಳದಲ್ಲಿ ಹುಲ್ಲು ಬೆಳೆದ ಮನೆಯೆಂದರೆ ಈಚೆಗೆ ಒಂದು ವರ್ಗದ ಜನರಿಗೆ ಬಲು ಅಕ್ಕರೆ. ಗಿರಣಿ ಸಾಲಿನ ಓಣಿಗಳಲ್ಲಿ ಅವರು ಸುತ್ತುತ್ತಾರೆ, ನೆರೆಯವರನ್ನು ವಿಚಾರಿಸುತ್ತಾರೆ, ನಗರಸಭೆಯ ಕಂದಾಯ ದಾಖಲೆ ನೋಡುತ್ತಾರೆ, ಉಪನೋಂದಣಿ ಕಚೇರಿಯಿಂದ ಋಣಭಾರ ಪತ್ರ ತೆಗೆಸುತ್ತಾರೆ. ಅನಂತರ ಬೆಂಗಳೂರಿನಲ್ಲೋ ಮುಂಬಯಿಯಲ್ಲೋ ಇರುವ ವಾರಸುದಾರನಿಗೆ, "ಇದ್ದ ಸ್ಥಿತಿಯಲ್ಲೇ ಕೊಳ್ಳುತ್ತೇವೆ, ಕೂಡಲೇ ನಗದು" ಎಂಬ ಸವಿಮಾತಿನ ಕಾಗದವೋ ಫೋನೋ ಹೋಗುತ್ತದೆ.

ಮಾಲೀಕನನ್ನು ಹುಡುಕಿ ಮಾತನಾಡಿಸುವುದು ಅಪರಾಧವೆಂದು ನಾವು ಹೇಳುವುದಿಲ್ಲ. ಇಲಿ ಹೆಗ್ಗಣಗಳಿಗೆ ಬಿಟ್ಟ ಮನೆಗೆ ಮನುಷ್ಯರು ಬರುವುದು ಒಳ್ಳೆಯದೇ. ಆದರೆ ಈ ಕಾಗದ ಯಾವ ಹೊತ್ತಿನಲ್ಲಿ ಬರುತ್ತದೆ? ತಂದೆ ತೀರಿಕೊಂಡಾಗ, ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬಂದಾಗ, ಕಂದಾಯದ ಬಾಕಿ ಬೆಳೆದಾಗ. ಓಣಿಯ ಇಂದಿನ ಬೆಲೆ ಕೊಳ್ಳುವವನಿಗೆ ಗೊತ್ತು. ಇಪ್ಪತ್ತು ವರ್ಷ ಊರಿನತ್ತ ಸುಳಿಯದ ಕಾರ್ಮಿಕನ ಮಗನಿಗೆ ಗೊತ್ತಿಲ್ಲ. ಲಾಭವಿರುವುದು ಈ ಅಂತರದಲ್ಲಿಯೇ.

ಇನ್ನೊಂದು ಚಮತ್ಕಾರವಿದೆ. ಅಲ್ಪ ಮುಂಗಡ ಕೊಟ್ಟು, ಉದ್ದನೆಯ ವಾಯಿದೆಯ ಕರಾರು ಬರೆಸಿ, ಜೊತೆಗೆ ಒಂದು ಮುಖ್ತಿಯಾರು ಪತ್ರಕ್ಕೂ ಸಹಿ ಹಾಕಿಸಿಕೊಂಡು, ಆ ಕಾಗದವನ್ನೇ ಮೂರನೆಯವನಿಗೆ ಹೆಚ್ಚಿನ ಬೆಲೆಗೆ ದಾಟಿಸುವುದು. ಕ್ರಯದ ಕರಾರಿನಿಂದ ಸ್ವತ್ತಿನಲ್ಲಿ ಹಕ್ಕು ಹುಟ್ಟದೆಂದು 1882ರ ಸ್ವತ್ತು ವರ್ಗಾವಣೆ ಕಾಯಿದೆಯೇ ಹೇಳಿದೆ. ಮುಖ್ತಿಯಾರು ಪತ್ರದ ಮೂಲಕ ಮಾಡುವ ಮಾರಾಟ ಮಾರಾಟವೇ ಅಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟಪಡಿಸಿದೆ. ಆದರೂ ಸಹಿ ಹಾಕಿದವನು ಕೋರ್ಟು ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲಿ ಅವನ ಚಪ್ಪಲಿ ಸವೆದಿರುತ್ತದೆ. ಪಿತ್ರಾರ್ಜಿತ ಮನೆಯಾದರೆ ಹೆಣ್ಣುಮಕ್ಕಳಿಗೂ ಪಾಲುಂಟು. 2005ರ ತಿದ್ದುಪಡಿ ಇದನ್ನು ದೇಶಕ್ಕೆಲ್ಲ ಅನ್ವಯಿಸಿತು. ಅಕ್ಕತಂಗಿಯರನ್ನು ಕೇಳದೆ ಸಹಿ ಹಾಕುವ ಅಣ್ಣಂದಿರು ಇದನ್ನು ಮರೆಯಬಾರದು. ಸರ್ಕಾರದ ಮಾರ್ಗಸೂಚಿ ದರವನ್ನೇ ಬೆಲೆಯೆಂದು ನಂಬಿಸುವವರ ಮಾತಿಗೂ ಬೀಳಬಾರದು. ಅದು ಮುದ್ರಾಂಕ ಶುಲ್ಕದ ಲೆಕ್ಕಕ್ಕಾಗಿ ಇರುವ ದರ.

ಸಣ್ಣ ವ್ಯಾಪಾರಸ್ಥರಿಗೂ ಒಂದು ಮಾತು. ಹಿಂದಿನ ಮನೆ ಖಾಲಿಯಿದ್ದು ಮುಂದಿನ ಮಳಿಗೆಯಲ್ಲಿ ನೀವು ಬಾಡಿಗೆಗಿದ್ದರೆ, ಮನೆ ಮಾರಾಟವಾದ ಮಾತ್ರಕ್ಕೆ ನಿಮ್ಮ ಬಾಡಿಗೆ ಕರಾರು ಅಳಿಯದು. ಕೊಂಡವನು ಹಳೆಯ ಮಾಲೀಕನ ಸ್ಥಾನಕ್ಕೆ ಬರುತ್ತಾನೆ, ಅಷ್ಟೆ. ರಾತ್ರೋರಾತ್ರಿ ಸಾಮಾನು ಹೊರಗಿಡುವ ಬೆದರಿಕೆಗೆ ಅಂಜಬೇಡಿರಿ. ಬಾಡಿಗೆ ರಶೀದಿಗಳನ್ನು ಜೋಪಾನವಾಗಿಡಿರಿ.

2011ರ ಜನಗಣತಿಯ ವೇಳೆಗೆ ದೇಶದ ಪಟ್ಟಣಗಳಲ್ಲಿ 1 ಕೋಟಿ 10 ಲಕ್ಷಕ್ಕೂ ಹೆಚ್ಚು ಮನೆಗಳು ಖಾಲಿ ಬಿದ್ದಿದ್ದವು. ಅದರ ಮರುವರ್ಷವೇ ಕೇಂದ್ರ ಸರ್ಕಾರದ ತಜ್ಞರ ತಂಡ ಪಟ್ಟಣಗಳ ವಸತಿ ಕೊರತೆಯನ್ನು 1 ಕೋಟಿ 87 ಲಕ್ಷವೆಂದು ಅಂದಾಜು ಮಾಡಿತು. ಒಂದೇ ಬೀದಿಯಲ್ಲಿ ಒಂದು ಕಡೆ ಬೀಗ, ಇನ್ನೊಂದು ಕಡೆ ಒಂದು ಕೋಣೆಯಲ್ಲಿ ಏಳು ಜನ! ನಮ್ಮ ರಾಜ್ಯದ 1961ರ ಬಾಡಿಗೆ ನಿಯಂತ್ರಣ ಕಾಯಿದೆಯಲ್ಲಿ, ಮನೆ ಖಾಲಿಯಾದರೆ ಮಾಲೀಕನು ಸರ್ಕಾರಿ ನಿಯಂತ್ರಕರಿಗೆ ತಿಳಿಸಬೇಕೆಂಬ ವಿಧಿಯಿತ್ತು. ಅದರಲ್ಲಿ ಲಂಚದ ಹಾವಳಿಗೂ ದಾರಿಯಿತ್ತೆಂಬುದು ನಿಜ. 1999ರ ಕಾಯಿದೆ ಬಂದು ಹಳೆಯದು ಹೋಯಿತು. ಈಗ ಖಾಲಿ ಮನೆಯ ಸುದ್ದಿ ಮೊದಲು ಮುಟ್ಟುವುದು ದಳ್ಳಾಳಿಗೆ. ಕೆನಡಾದ ವ್ಯಾಂಕೂವರ್ ನಗರ 2017ರಿಂದ ಖಾಲಿ ಮನೆಗಳಿಗೆ ಪ್ರತ್ಯೇಕ ತೆರಿಗೆ ಹಾಕುತ್ತಿದೆ. ಅದೇನೂ ಸಮಾಜವಾದಿ ರಾಷ್ಟ್ರವಲ್ಲ.

ದಳ್ಳಾಳಿ ನೋಡುವ ಕಂದಾಯ ದಾಖಲೆ ನಗರಸಭೆಯದೇ. ಅದನ್ನಿಟ್ಟುಕೊಂಡು ಖಾಲಿ ಮನೆಗಳ ಪಟ್ಟಿ ಮಾಡಿ, ಮಾಲೀಕರಿಗೆ ನಗರಸಭೆಯೇ ಮೊದಲು ಕಾಗದ ಬರೆಯಲಿ: ದುರಸ್ತಿ ಮಾಡಿಸಿ ಗಿರಣಿ ಕೆಲಸಗಾರರಿಗೆ ನ್ಯಾಯವಾದ ಬಾಡಿಗೆಗೆ ಕೊಡುವಿರಾ? ಹಾಗೆ ಕೊಟ್ಟವರಿಗೆ ಕಂದಾಯದ ಬಾಕಿಯನ್ನು ಕಂತಿನಲ್ಲಿ ಕಟ್ಟಲು ಅವಕಾಶವಿರಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಇದನ್ನು ಎತ್ತುವಂತೆ ವಾಚಕರು ತಮ್ಮ ತಮ್ಮ ವಾರ್ಡಿನ ಸದಸ್ಯರನ್ನು ಈ ವಾರವೇ ಕಂಡು ಕೇಳಬೇಕು.